ಮದುವೆಯ ರೊಟ್ಟಿಗೆ ಗುಂಗುರು ಕೂದಲಿನವನು

ಬಹರೈನಿನ ಹೂರಾದ ಒಂದು ಬೇಕರಿಯ ಹಿಂಗೋಣೆಯಲ್ಲಿ ಶುಕ್ರವಾರ ಮಧ್ಯಾಹ್ನ ಸೇರಿದ್ದವರು ಹೊಸ್ತಿಲಿನೊಳಗೆ ನಾಲ್ವರು, ಹೊಸ್ತಿಲಿನಾಚೆ ಮೂವರು. ಒಳಗಿದ್ದವರು ನನ್ನ ಹೆಂಡತಿ ಸುಮನಾ, ನಮ್ಮ ಕಟ್ಟಡದ ಕೆಳಮನೆಯ ನರ್ಸ್ ಲವೀನಾ, ಬೇಕರಿಯ ಯಜಮಾನ ಇಬ್ರಾಹಿಂ ಬ್ಯಾರಿಗಳ ಹೆಂಡತಿ ಜೊಹರಾ ಮತ್ತು ನಾನು. ಹೊರಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನನ್ನ ಅಮ್ಮ. ಬಾಗಿಲ ದಾರಂದ ಹಿಡಿದುಕೊಂಡು ನಮ್ಮ ಎದುರುಮನೆಯ ಒಕ್ಸಾನಾ. ಸ್ಟೂಲಿನ ಮೇಲೆ ಯೀಸ್ಟಿನ ಡಬ್ಬಕ್ಕೆ ಒರಗಿಸಿಟ್ಟ ಫೋನಿನೊಳಗೆ ಒಕ್ಸಾನಾಳ ತಾಯಿ ಹನ್ನಾ ಅಜ್ಜಿ. ಅಜ್ಜಿ ನಿಜಕ್ಕೂ ಕೂತಿದ್ದದ್ದು ಉಕ್ರೇನಿನ ಸ್ತಾರಿ ವೆರ್ಬಿ ಎಂಬ ಪುಟ್ಟ ಪೇಟೆಯ ತಮ್ಮ ಅಡುಗೆಮನೆಯಲ್ಲಿ. ಆದರೂ ಅವರನ್ನು ಹೊರಗಿನವರ ಲೆಕ್ಕಕ್ಕೇ ಸೇರಿಸಬೇಕು. ಫೋನನ್ನು ಒಳಗೆ ಮೇಜಿನ ಮೇಲೆ ಇಡಲು ಹೋದ ನನ್ನನ್ನು ಬೈದು, ಹೊಸ್ತಿಲಿನಾಚೆ ಇಡಿಸಿಕೊಂಡವರು ಅವರೇ.

ಮೂವರು ಹೆಂಗಸರು ಹಿಟ್ಟು ನಾದುವಲ್ಲಿ ನನಗೇನು ಕೆಲಸ ಎಂದು ನೀವು ಕೇಳಬಹುದು. ನಾನು ಅಲ್ಲಿದ್ದದ್ದು ನನ್ನ ಕೂದಲಿನ ದೆಸೆಯಿಂದ.

ನನ್ನದು ಗುಂಗುರು ಕೂದಲು. ಇದನ್ನು ಹೆಮ್ಮೆಯಿಂದ ಹೇಳುವ ಪ್ರಸಂಗ ನನ್ನ ಬದುಕಿನಲ್ಲಿ ಅಲ್ಲಿಯವರೆಗೆ ಬಂದಿರಲಿಲ್ಲ. ನಮ್ಮ ಮನೆತನದಲ್ಲಿ ಎಲ್ಲರದ್ದೂ ಬಾಳೆನಾರಿನಂಥ ನೆಟ್ಟಗಿನ ಕೂದಲು. ನನ್ನ ತಲೆ ಮಾತ್ರ ಯಾರೋ ಮರೆತುಹೋದ ಹಕ್ಕಿಗೂಡು. ದೊಡ್ಡಮ್ಮ ಪ್ರತಿ ಶನಿವಾರ ನನ್ನನ್ನು ಬಚ್ಚಲಿನ ಕಲ್ಲಿನ ಮೇಲೆ ಕೂರಿಸಿ, ಬೊಗಸೆ ತೆಂಗಿನೆಣ್ಣೆ ಸುರಿದು, ದಾಸವಾಳದ ಸೊಪ್ಪಿನ ಗೊಂಪು ಮೆತ್ತಿ, ಮರದ ಬಾಚಣಿಗೆಯಿಂದ ಗದ್ದೆ ಉಳುವ ಹಾಗೆ ಉಳುತ್ತಿದ್ದರು. "ಇವನ ತಲೆಯೊಳಗೆ ಎಂತ ಉಂಟೋ ಅದೇ ಹೊರಗೆ ಬಂದದ್ದು, ಒಂದಕ್ಕೂ ನೇರ ದಾರಿ ಇಲ್ಲ" ಎನ್ನುತ್ತಿದ್ದರು. ನನಗೆ ಮಾತು ಕಲಿಸಿದವರೂ ಅವರೇ. ಆದ್ದರಿಂದ ನನ್ನ ಮಾತಿಗೂ ನೇರ ದಾರಿ ಇಲ್ಲ. ನೀವು ಸ್ವಲ್ಪ ಸೈರಿಸಬೇಕು. ಕ್ಷೌರದ ಅಂಗಡಿಯ ಸಂಜೀವಣ್ಣನಂತೂ ನನ್ನನ್ನು ಕಂಡ ಕೂಡಲೇ ಹಳೆಯ ಕತ್ತರಿಯನ್ನೇ ಹುಡುಕುತ್ತಿದ್ದ. ಹೊಸ ಕತ್ತರಿ ಹಾಳಾಗುತ್ತದೆಂದು ಅವನಿಗೆ ಭಯ.

ಇಂಥ ತಲೆಯನ್ನು ಹೊತ್ತುಕೊಂಡು ಬಹರೈನಿಗೆ ಬಂದು, ಸಿತ್ರಾದ ಕಾರ್ಖಾನೆಯೊಂದರ ಉಗ್ರಾಣ ನೋಡಿಕೊಳ್ಳುತ್ತಾ, ಬುಸೈತೀನಿನ ಫ್ಲ್ಯಾಟಿನಲ್ಲಿ ನಾನು ಮುದುಕನಾಗುತ್ತಿದ್ದೆ. ಒಂದು ಸಂಜೆ ಒಕ್ಸಾನಾ ಬಾಗಿಲು ತಟ್ಟಿದಳು. ಅವಳು ಲವೀನಾಳ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಮಾಡುವವಳು. ನನ್ನ ಸೊಂಟಕ್ಕೂ ಅವಳಿಗೂ ಹಳೆಯ ಪರಿಚಯ. ಅವಳು ಮಾತಾಡುವುದು ಇಂಗ್ಲಿಷಿನಲ್ಲಿ, ಒಂದೊಂದೇ ಪದವನ್ನು ತೂಗಿ ಇಡುತ್ತಾಳೆ. ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತೇನೆ.

ಬಂದವಳು ಕೂರಲಿಲ್ಲ. ನನ್ನ ತಲೆಯನ್ನೇ ನೋಡಿದಳು.

"ಇದು ನಿಜವಾದ ಗುಂಗುರಾ? ಪಾರ್ಲರಿನದ್ದಲ್ಲ ತಾನೆ?"

"ಪಾರ್ಲರಿಗೆ ಹಣ ಕೊಟ್ಟು ಈ ಅವಸ್ಥೆ ಮಾಡಿಸಿಕೊಳ್ತಾರಾ?" ಎಂದೆ.

ಆಮೇಲೆ ವಿಷಯ ಹೊರಬಿತ್ತು. ಅವಳ ಮಗಳು ದಾರಿನಾಳಿಗೆ ಮದುವೆ. ಹುಡುಗ ಲೆಬನಾನಿನವನು, ಇಲ್ಲೇ ಬ್ಯಾಂಕಿನಲ್ಲಿದ್ದಾನೆ, ಒಳ್ಳೆಯವನು. ಎಲ್ಲ ಸರಿ. ಆದರೆ ಸ್ತಾರಿ ವೆರ್ಬಿಯವರಿಗೆ ಕೊರೊವಾಯ್ ಇಲ್ಲದೆ ಮದುವೆ ಮದುವೆಯಲ್ಲ. ಕೊರೊವಾಯ್ ಅಂದರೆ ಬಂಡಿಚಕ್ರದಷ್ಟು ದೊಡ್ಡ ರೊಟ್ಟಿ. ಹಾಲು, ಬೆಣ್ಣೆ, ಮೊಟ್ಟೆ ಹಾಕಿ ನಾದಿ ಉಬ್ಬಿಸಿ, ಮೇಲೆ ಹಿಟ್ಟಿನದ್ದೇ ಹಕ್ಕಿ, ಹೂವು, ಜಡೆ ಕೂರಿಸಿ ಬೇಯಿಸಿದ್ದು. ಅದನ್ನು ಅಂಗಡಿಯಿಂದ ತರುವಂತಿಲ್ಲ. ಗಂಡನೊಡನೆ ಸುಖವಾಗಿರುವ ಹೆಂಗಸರೇ ನಾದಬೇಕು. ವಿಧವೆ ಮುಟ್ಟಬಾರದು, ಗಂಡ ಬಿಟ್ಟವಳು ಮುಟ್ಟಬಾರದು. ಒಲೆ ಗುಡಿಸಿ ರೊಟ್ಟಿಯನ್ನು ಒಳಗಿಡಲು ಒಬ್ಬ ಗಂಡಸು ಬೇಕು, ಅವನ ಕೂದಲು ಗುಂಗುರಾಗಿರಬೇಕು. ಬೆಂದ ರೊಟ್ಟಿ ಇಡಿಯಾಗಿ ಹೊರಗೆ ಬರಬೇಕು. ಬಿರುಕು ಬಿಟ್ಟರೆ ಆ ಮದುವೆಯೂ ಬಿರುಕು ಬಿಡುತ್ತದೆ.

"ನೀನು ಇದನ್ನೆಲ್ಲ ನಂಬ್ತೀಯಾ?" ಎಂದು ಸುಮನಾ ಕೇಳಿದಳು.

"ಇಲ್ಲ" ಎಂದಳು ಒಕ್ಸಾನಾ. ಆಮೇಲೆ, "ನನ್ನ ಮದುವೆಗೆ ಕೊರೊವಾಯ್ ಇರಲಿಲ್ಲ" ಎಂದಳು.

ಅವಳದ್ದು ದೊಡ್ಡ ಶಹರದ ಕಚೇರಿಯಲ್ಲಿ ಗಡಿಬಿಡಿಯಿಂದ ಸಹಿ ಹಾಕಿ ಆದ ಮದುವೆ. ತಾಯಿಗೆ ತಿಳಿಸಿದ್ದು ಆಮೇಲೆ. ದಾರಿನಾ ನಡೆಯಲು ಕಲಿಯುವಷ್ಟರಲ್ಲಿ ಗಂಡ ನಡೆದುಬಿಟ್ಟಿದ್ದ. ಅವತ್ತಿನಿಂದ ಹನ್ನಾ ಅಜ್ಜಿಯದು ಒಂದೇ ಮಾತು: ರೊಟ್ಟಿಯಿಲ್ಲದ ಮದುವೆ, ಇನ್ನೇನಾಗುತ್ತದೆ? ಹಬ್ಬಕ್ಕೆ ಫೋನು ಮಾಡಿದರೂ ಅದೇ, ಹುಟ್ಟುಹಬ್ಬಕ್ಕೆ ಮಾಡಿದರೂ ಅದೇ. ಕೇಳಿ ಕೇಳಿ ಒಕ್ಸಾನಾಳಿಗೆ ತನ್ನ ಸಂಸಾರ ಮುರಿದದ್ದು ಒಂದು ರೊಟ್ಟಿಯಿಂದಲೇ ಎಂದು ಒಳಗೊಳಗೇ ಅನ್ನಿಸಿಬಿಟ್ಟಿತ್ತು. ಮಗಳ ಪಾಲಿಗೆ ಹಾಗಾಗಬಾರದು. ಊರಲ್ಲಾಗಿದ್ದರೆ ಕೊರೊವಾಯ್ ನಾದುವ ಹೆಂಗಸರ ಒಂದು ಗುಂಪೇ ಇತ್ತು. ಯುದ್ಧ ಬಂದ ಮೇಲೆ ಅವರು ಪೋಲೆಂಡಿಗೊಬ್ಬರು, ಜರ್ಮನಿಗೊಬ್ಬರು ಚದುರಿಹೋಗಿದ್ದರು.

"ಹಾಗಾಗಿ ಕೇಳಬೇಕು" ಎಂದು ಅವಳು ಸುಮನಾಳ ಕಡೆ ತಿರುಗಿದಳು. ಕ್ಲಿನಿಕ್ಕಿನಲ್ಲಿ ನೋವೆಲ್ಲಿ ಎಂದು ಕೇಳುವ ದನಿಯಲ್ಲೇ, "ನೀನು ಗಂಡನ ಜೊತೆ ಸುಖವಾಗಿದ್ದೀಯಾ?"

ನಾನು ಅಲ್ಲೇ ಸೋಫಾದಲ್ಲಿದ್ದೆ. ಸುಮನಾ ಒಳಗೆ ಹೋಗಿ ಗ್ಯಾಸ್ ಆಫ್ ಮಾಡಿ ಬಂದಳು. ಸೆರಗಿನಿಂದ ಕೈ ಒರೆಸಿಕೊಂಡಳು. ನನ್ನನ್ನು ಒಮ್ಮೆ ನೋಡಿದಳು, ಗೋಡೆಯ ಗಡಿಯಾರವನ್ನು ಒಮ್ಮೆ ನೋಡಿದಳು. ನನ್ನ ಇಷ್ಟು ವರ್ಷಗಳ ಸಂಸಾರದಲ್ಲಿ ಅಷ್ಟು ಉದ್ದದ ಒಂದು ನಿಮಿಷವನ್ನು ನಾನು ಕಂಡಿಲ್ಲ.

"ಹಾಗೆ ನೋಡಿದ್ರೆ, ಸುಖವೇ" ಎಂದಳು.

ಒಕ್ಸಾನಾಳಿಗೆ ಅಷ್ಟು ಸಾಕಾಯಿತು. ಹೇಗೆ ನೋಡಿದರೆ ಎಂದು ನಾನು ಈವರೆಗೂ ಕೇಳಿಲ್ಲ. ಕೆಲವು ಬಾಗಿಲುಗಳನ್ನು ತೆರೆಯದಿರುವುದೇ ಕ್ಷೇಮ.

ಲವೀನಾಳನ್ನು ಕೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. "ನನ್ನ ಗಂಡ ಶಿಪ್ಪಲ್ಲಿ, ವರ್ಷದಲ್ಲಿ ಎಂಟು ತಿಂಗಳು ಸಮುದ್ರದ ಮೇಲೆ. ನಾನು ಸುಖವಾಗಿರದೆ ಮತ್ತೆಂತ!" ಅವಳ ಮನೆಯಲ್ಲೂ ನಮ್ಮ ಮನೆಯಲ್ಲೂ ಇದ್ದದ್ದು ಮಕ್ಕಳಾಟದಂಥ ಒಲೆಗಳು, ಬಂಡಿಚಕ್ರ ಹಿಡಿಸುವಂಥವಲ್ಲ. ಹಾಗೆ ನಾನು ಹೂರಾದ ಇಬ್ರಾಹಿಂ ಬ್ಯಾರಿಗಳ ಬೇಕರಿಗೆ ಹೋಗಿ, ನಡುವೆ ನಾಲ್ಕು ಉಸ್ಮಾನಿಯಾ ಬಿಸ್ಕತ್ತು ತಿಂದು, ವಿಷಯ ಹೇಳಿದೆ.

"ಒಲೆ ಕೊಡುವ, ಅದಕ್ಕೆಂತ" ಎಂದರು ಬ್ಯಾರಿಗಳು. "ಶುಕ್ರವಾರ ಜುಮಾ ನಮಾಜಿಗೆ ಮುಚ್ಚಿದ್ರೆ ನಾಲ್ಕು ಗಂಟೆಯವರೆಗೆ ಒಲೆ ಖಾಲಿ. ಆದ್ರೆ ನನ್ನ ಒಲೆಯನ್ನು ನೀವು ಗುಡಿಸುವುದೆಂತಕ್ಕೆ ರಾಯರೇ? ನಾನು ಬೆಳಿಗ್ಗೆ ಗುಡಿಸಿಯೇ ಇಡ್ತೇನೆ."

"ನೀವು ಗುಡಿಸಿದ್ದು ಲೆಕ್ಕಕ್ಕಿಲ್ಲ ಬ್ಯಾರಿಗಳೇ. ತಲೆಯಲ್ಲಿ ಗುಂಗುರು ಇರಬೇಕು."

ಅವರು ಟೋಪಿ ತೆಗೆದು ತಮ್ಮ ನುಣ್ಣನೆಯ ತಲೆ ಸವರಿಕೊಂಡರು. "ಸರಿ, ಅದರಲ್ಲಿ ನನಗೆ ಮಾತಿಲ್ಲ."

ಅವರ ಹೆಂಡತಿ ಜೊಹರಾ, "ಮೂವರಾದ್ರೆ ಒಳ್ಳೇದಲ್ವಾ? ನಾನೂ ಸೇರ್ತೇನೆ" ಎಂದರು. ಅವರನ್ನು ಸುಖದ ಪ್ರಶ್ನೆ ಕೇಳುವ ಧೈರ್ಯ ನನಗಾಗಲಿಲ್ಲ. ಬ್ಯಾರಿಗಳೇ, "ಬರೆದುಕೊಳ್ಳಿ, ಸುಖ" ಎಂದರು.

ಇನ್ನು ನನ್ನ ಅಮ್ಮ. ಅವರು ಊರಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದರು. ಅಪ್ಪ ಹೋದ ಮೇಲೆ ಅಮ್ಮ ಯಾವ ಶುಭಕಾರ್ಯದಲ್ಲೂ ಮುಂದೆ ಕೂರುವುದಿಲ್ಲ. ಯಾರೂ ಹೇಳುವ ಮೊದಲೇ ಎದ್ದು ಹಿಂದಿನ ಸಾಲಿಗೆ ಹೋಗುತ್ತಾರೆ. ಯಾರಾದರೂ ಹೇಳಿಯಾರು ಎಂಬ ಭಯಕ್ಕೆ ಹಾಗೆ ಮಾಡುತ್ತಾರೆಂದು ನನ್ನ ಅನುಮಾನ. ಬೇಕರಿಗೆ ಬಂದವರು ನಿಯಮವನ್ನು ಕೇಳಿ, ತಾವೇ ಕುರ್ಚಿ ಎಳೆದುಕೊಂಡು ಹೊಸ್ತಿಲಿನಾಚೆ ಕೂತರು. "ಎಲ್ಲ ಊರಲ್ಲೂ ಇದೊಂದು ಉಂಟಲ್ಲ!" ಎಂದು ನಕ್ಕರು. "ಇರ್ಲಿ. ಒಳಗೆ ಹೇಗೂ ಮೊಟ್ಟೆ."

ಅಲ್ಲಿಗೆ ನಮ್ಮ ಪೀಕಲಾಟ ಶುರುವಾಯಿತು. ಕೊರೊವಾಯ್ ಬಲ್ಲ ಹನ್ನಾ ಅಜ್ಜಿ ವಿಧವೆ, ಹೊರಗೆ. ತಾಯಿಯನ್ನು ನೋಡಿ ಕಲಿತಿದ್ದ ಒಕ್ಸಾನಾ ಗಂಡ ಬಿಟ್ಟವಳು, ಹೊರಗೆ. ಐವತ್ತು ವರ್ಷ ಹಿಟ್ಟು ನಾದಿದ ಅಮ್ಮ, ಹೊರಗೆ. ಬಲ್ಲವರೆಲ್ಲ ಹೊರಗೆ, ಸುಖವಾಗಿದ್ದವರೆಲ್ಲ ಒಳಗೆ. ಒಳಗಿದ್ದವರಿಗೆ ಕೊರೊವಾಯ್ ಎಂದರೆ ಚೌಕವೋ ವೃತ್ತವೋ ಗೊತ್ತಿಲ್ಲ.

ಮೊದಲು ನನ್ನ ಪರೀಕ್ಷೆ. ಹನ್ನಾ ಅಜ್ಜಿ ಫೋನಿನೊಳಗಿಂದ ನನ್ನ ತಲೆಯನ್ನು ಹತ್ತಿರಕ್ಕೆ ತರಿಸಿಕೊಂಡು ನೋಡಿದರು. ತಿರುಗು ಎಂದರು. ತಿರುಗಿದೆ.

"ಹಿಂದೆ ಖಾಲಿ ಇದೆಯಂತೆ" ಎಂದು ಒಕ್ಸಾನಾ ಸಂಕೋಚದಿಂದ ಅನುವಾದಿಸಿದಳು.

ತಾಯಿ ಮಗಳ ನಡುವೆ ಏನೋ ಚರ್ಚೆಯಾಯಿತು. ಕಡೆಗೆ ತೀರ್ಪು ಬಂತು: ಒಲೆಯ ಮುಂದೆ ನಿಲ್ಲುವಾಗ ಒಲೆಗೆ ಕಾಣುವುದು ಮುಂಭಾಗ ಮಾತ್ರ, ನಡೆಯುತ್ತದೆ. ಇಲ್ಲಿ ಕೋಲ್ಡ್ ಸ್ಟೋರ್ ಎನ್ನುವ ಬೀದಿಮೂಲೆಯ ದಿನಸಿ ಅಂಗಡಿಯಿಂದ ತಂದ ಹೊಸ ಪೊರಕೆಯಿಂದ ನಾನು ಬ್ಯಾರಿಗಳ ಸ್ವಚ್ಛವಾದ ಒಲೆಯನ್ನು ಗುಡಿಸಿದೆ. ಗುಡಿಸುವಾಗ ಹೆಂಗಸರು ಗುಡಿಸುವವನನ್ನು ಹಾಡಿ ಗೇಲಿ ಮಾಡಬೇಕಂತೆ. ಹಾಡು ಯಾರಿಗೂ ಬರುತ್ತಿರಲಿಲ್ಲ, ಗೇಲಿ ಬರುತ್ತಿತ್ತು. "ಮನೆಯಲ್ಲಿ ಒಂದು ದಿನ ಪೊರಕೆ ಹಿಡಿದದ್ದು ಕಾಣೆ, ಇಲ್ಲಿ ನೋಡಿ ಹೇಗೆ ಬಳುಕುತ್ತಾರೆ" ಎಂದು ಸುಮನಾ ಆ ಕೊರತೆಯನ್ನು ತುಂಬಿಕೊಟ್ಟಳು.

ಆಮೇಲೆ ನಾದುವ ಕೆಲಸ. ಲವೀನಾ, "ಮೊಟ್ಟೆ ನನ್ನ ಡಿಪಾರ್ಟ್‌ಮೆಂಟ್, ಸುಮನಕ್ಕ ಆಚೆ ನೋಡಿ" ಎಂದು ಪಟಪಟ ಒಡೆದಳು. ಸುಮನಾ ಚಪಾತಿಯ ಹಿಟ್ಟಿನಂತೆ ನಾದಿದಳು. ಜೊಹರಾ ಪರೋಟದಂತೆ ಎತ್ತಿ ಬಡಿದರು. ಹೊಸ್ತಿಲಿನಾಚೆಯಿಂದ ಮೂರು ಭಾಷೆಗಳಲ್ಲಿ ಆಜ್ಞೆಗಳು.

"ಕೈಯ ಬುಡದಿಂದ ಒತ್ತಬೇಕು!" ಎಂದು ಒಕ್ಸಾನಾ.

"ಮಾರಾಯ್ತಿ, ನೀರು ಜಾಸ್ತಿ ಆಯ್ತು, ಇಲ್ಲಿಂದಲೇ ಕಾಣ್ತದೆ" ಎಂದು ಅಮ್ಮ.

ಹನ್ನಾ ಅಜ್ಜಿ ಉಕ್ರೇನಿಯನ್ನಿನಲ್ಲಿ ಒಂದು ಉದ್ದ ವಾಕ್ಯ ಹೇಳಿದರು. ಅಮ್ಮ ಅನುವಾದಕ್ಕೂ ಕಾಯದೆ, "ಹೌದು, ನಾನೂ ಅದನ್ನೇ ಹೇಳಿದ್ದು" ಎಂದರು. ಅಜ್ಜಿಯೂ ತಲೆಯಾಡಿಸಿದರು. ಸೊಸೆಯಂದಿರ ಹಿಟ್ಟನ್ನು ಬೈಯಲು ಇಬ್ಬರಿಗೂ ಭಾಷೆ ಬೇಕಾಗಿರಲಿಲ್ಲ.

ಹಿಟ್ಟು ಉಬ್ಬಲು ಬಿಟ್ಟೆವು. ಒದ್ದೆ ಬಟ್ಟೆ ಮುಚ್ಚಿ ಕೂತಾಗ ಮಾಡಲು ಏನೂ ಇರಲಿಲ್ಲ. ಇಂಥ ಹೊತ್ತಿನಲ್ಲೇ ಊರುಗಳು ಬಾಯಿಬಿಡುವುದು. ಹನ್ನಾ ಅಜ್ಜಿ ಹೇಳುತ್ತಾ ಹೋದರು, ಒಕ್ಸಾನಾ ತುಂಡು ತುಂಡಾಗಿ ನಮಗೆ ದಾಟಿಸಿದಳು.

ಸ್ತಾರಿ ವೆರ್ಬಿ ಅಂದರೆ ಹಳೆಯ ನೀರಂಜಿ ಮರಗಳು ಎಂದು ಅರ್ಥವಂತೆ. ಹೊಳೆಯ ಬದಿಗೆ ಆ ಮರಗಳು, ಒಂದು ಹಸಿರು ಗುಮ್ಮಟದ ಇಗರ್ಜಿ, ಗುರುವಾರದ ಸಂತೆ, ಯಾವನೋ ಪೋಲಿಷ್ ಜಮೀನ್ದಾರ ಕಟ್ಟಿಸಿದ ಸಕ್ಕರೆ ಕಾರ್ಖಾನೆ. ಬೀಟ್‌ರೂಟಿನಂಥ ಗಡ್ಡೆಯಿಂದ ಸಕ್ಕರೆ ತೆಗೆಯುವುದು. ಚಳಿಗಾಲದ ಮುಂಚೆ ಇಡೀ ಪೇಟೆ ಗಡ್ಡೆ ಬೇಯುವ ಸಿಹಿಗೊಬ್ಬರದ ವಾಸನೆಯಲ್ಲಿ ಮುಳುಗಿರುತ್ತಿತ್ತಂತೆ. ಮದುಮಗಳ ಉಡುಪಿನಲ್ಲೂ ಅದೇ ವಾಸನೆ. ಸಿತ್ರಾದ ಗಾಳಿಯಲ್ಲಿ ದಿನವೂ ಎಣ್ಣೆಯ ವಾಸನೆ ಉಟ್ಟುಕೊಂಡು ಮನೆಗೆ ಬರುವ ನನಗೆ ಆ ಪೇಟೆ ಆ ಕ್ಷಣದಿಂದ ಹತ್ತಿರವಾಯಿತು.

ಮನೆಯ ಒಲೆಗಳಲ್ಲಿ ಹಿಡಿಸದ ಕೊರೊವಾಯನ್ನು ಅವರು ಬೇಯಿಸುತ್ತಿದ್ದದ್ದು ಸಂತೆಬೀದಿಯ ಯಹೂದಿ ರೊಟ್ಟಿಯವನ ಒಲೆಯಲ್ಲಿ. ಅವನಿಗೆ ಆ ಹಬ್ಬವಿಲ್ಲ, ಆ ದೇವರಿಲ್ಲ. ಆದರೂ ಪೇಟೆಯಲ್ಲಿ ಯಾರ ಮನೆಯ ಹುಡುಗಿಗೆ ಮದುವೆ ಗೊತ್ತಾದರೂ ಮೊದಲು ಗೊತ್ತಾಗುತ್ತಿದ್ದದ್ದು ಅವನಿಗೆ. ಹನ್ನಾ ಅಜ್ಜಿಯ ಅಮ್ಮನ ಕಾಲದ ಯುದ್ಧದಲ್ಲಿ ಆ ಬೀದಿಯ ಯಹೂದಿಗಳನ್ನೆಲ್ಲ ಒಂದು ಬೆಳಿಗ್ಗೆ ಜರ್ಮನ್ ಸೈನಿಕರು ಹೊಳೆಯಾಚೆಗೆ ನಡೆಸಿಕೊಂಡು ಹೋದರು. ಯಾರೂ ಹಿಂದಿರುಗಲಿಲ್ಲ. ಒಲೆ ಉಳಿಯಿತು. ಆಮೇಲೆ ಅದರ ಸುತ್ತ ಕಾರ್ಖಾನೆಯ ಕ್ಯಾಂಟೀನು ಎದ್ದಿತು. ಸರಕಾರವೇ ದೇವರನ್ನು ನಿಷೇಧಿಸಿ ಇಗರ್ಜಿಗೆ ಬೀಗ ಹಾಕಿದ ಕಾಲದಲ್ಲೂ ಕೊರೊವಾಯ್ ನಿಲ್ಲಲಿಲ್ಲ. ರೊಟ್ಟಿಯನ್ನು ಪೂಜೆ ಎಂದು ಯಾವ ಅಧಿಕಾರಿಯೂ ಹೇಳುವಂತಿರಲಿಲ್ಲವಲ್ಲ.

"ಅಮ್ಮ ಹೇಳ್ತಾಳೆ, ನಮ್ಮ ಪೇಟೆಯ ಕೊರೊವಾಯ್ ಯಾವತ್ತೂ ಬೇರೆಯವರ ಒಲೆಯಲ್ಲೇ ಬೆಂದದ್ದು" ಎಂದಳು ಒಕ್ಸಾನಾ.

ಜೊಹರಾ ತಲೆಯ ಮೇಲಿನ ಬಟ್ಟೆ ಸರಿಪಡಿಸಿಕೊಂಡು, ಹಿಟ್ಟಿಗೆ ಮುಚ್ಚಿದ್ದ ಬಟ್ಟೆಯನ್ನು ಮತ್ತೊಮ್ಮೆ ಒದ್ದೆ ಮಾಡಿದರು.

ಇನ್ನೊಂದು ಕಥೆಯನ್ನು ಅಜ್ಜಿ ದನಿ ತಗ್ಗಿಸಿ ಹೇಳಿದರು. ಅದಕ್ಕೂ ಹಿಂದಿನ ಮಾತು. ಸರಕಾರದವರೇ ಬಂದು ಕಣಜ, ಹರಿವಾಣ, ಕೊನೆಗೆ ಬಿತ್ತನೆಯ ಬೀಜವನ್ನೂ ಬಳಿದುಕೊಂಡು ಹೋದ ವರ್ಷ. ಜನ ಮರದ ತೊಗಟೆ ತಿಂದ ವರ್ಷ. ಆ ವರ್ಷ ಅಜ್ಜಿಯ ಅಜ್ಜಿಯ ಮದುವೆ. ಹಿಟ್ಟು ಎಲ್ಲಿಂದ? ಹೆಂಗಸರು ಹೊಳೆಯ ಜೇಡಿಮಣ್ಣು ತಂದರು. ಅದನ್ನೇ ನಾದಿದರು, ಅದರಲ್ಲೇ ಹಕ್ಕಿ ಮಾಡಿದರು, ಅದನ್ನೇ ಸುಟ್ಟರು. ಮಣ್ಣಿನ ಕೊರೊವಾಯನ್ನು ನಡುವೆ ಇಟ್ಟು, ಸುತ್ತ ಕೂತು ಬಿಸಿನೀರು ಕುಡಿದು ಎದ್ದರು. ಅದು ಈಗಲೂ ಪೇಟೆಯ ಶಾಲೆಯ ಕಪಾಟಿನಲ್ಲಿದೆಯಂತೆ.

"ಅದು ಒಡೆದಿರಲಿಲ್ವಂತಾ?" ಎಂದು ಅಮ್ಮ ಕೇಳಿದರು.

ಇಲ್ಲವಂತೆ. ಆ ಗಂಡಹೆಂಡಿರು ಮುದುಕರಾಗುವವರೆಗೆ ಬದುಕಿದರಂತೆ, ದಿನಕ್ಕೆರಡು ಸಲ ಜಗಳಾಡಿಕೊಂಡು.

ಅಷ್ಟರಲ್ಲಿ ಹಿಟ್ಟು ಉಬ್ಬಿ ಬಟ್ಟೆಯನ್ನು ಎತ್ತಿತ್ತು. ದುಂಡಗೆ ಮಾಡಿ ಜಡೆ ಸುತ್ತಿದರು. ಹಕ್ಕಿಗಳ ಕೆಲಸವನ್ನು ಲವೀನಾ ವಹಿಸಿಕೊಂಡಳು. ಕ್ರಿಸ್‌ಮಸ್ಸಿಗೆ ಡಬ್ಬಗಟ್ಟಲೆ ಸಿಹಿತಿಂಡಿ ಮಾಡುವ ಕೈ ಅವಳದು. ಆದರೆ ಆ ತಿಂಡಿಯ ಹಿಟ್ಟನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿಯೇ ಅಭ್ಯಾಸ. ಹಕ್ಕಿಗಳಿಗೆಲ್ಲ ಗೆರೆಗೆರೆಯ ಹೊಟ್ಟೆ ಬಂತು. ಮೊಟ್ಟೆಯ ಲೋಳೆ ಸವರಿದ್ದಾಯಿತು. ನಾನು ಮುಂಭಾಗವನ್ನು ಒಲೆಗೆ ತೋರಿಸಿ ನಿಂತು, ಮರದ ಹಲಗೆಯಿಂದ ಆ ಭಾರವನ್ನು ಒಳಗೆ ಜಾರಿಸಿದೆ. ಸುಮನಾ ನನ್ನ ಪಕ್ಕದಿಂದ ಕೈ ಹಾಕಿ ಏನೋ ಸರಿಪಡಿಸಿದಳು. ಬಾಗಿಲು ಮುಚ್ಚಿದೆ.

ಅದೇ ಹೊತ್ತಿಗೆ ಫೋನು ಕಪ್ಪಾಯಿತು. ಸ್ತಾರಿ ವೆರ್ಬಿಯಲ್ಲಿ ಕರೆಂಟು ಹೋಗಿತ್ತು. ಅಲ್ಲಿ ಅದು ದಿನದ ಮಾತು. ಆದರೂ ಪ್ರತಿ ಸಲ ಪರದೆ ಕಪ್ಪಾದಾಗ ಒಕ್ಸಾನಾಳ ಮುಖ ಏನಾಗುತ್ತದೆಂದು ನಾನು ಬಲ್ಲೆ. ಅವಳು ಫೋನನ್ನು ಕೈಗೆತ್ತಿಕೊಂಡು ನಮಗೆ ಇಷ್ಟೇ ಹೇಳಿದಳು: "ಬೇಯುವವರೆಗೆ ಒಲೆ ತೆರೆಯಬಾರದು. ತಣ್ಣಗಾಳಿ ತಾಗಿದರೆ ಕುಸಿದು ಬಿರುಕು ಬಿಡುತ್ತದೆ. ಬಾಗಿಲು ಧಡಾರನೆ ಹಾಕಬಾರದು. ಜೋರಾಗಿ ಮಾತೂ ಬೇಡ."

ನಾವು ಹೆರಿಗೆ ಕೋಣೆಯ ಹೊರಗಿನವರಂತೆ ಕೂತೆವು. ಬೇಕರಿಯ ಹಿಂಬಾಗಿಲು ಕಬ್ಬಿಣದ್ದು, ಸ್ಪ್ರಿಂಗಿನದ್ದು. ಬಿಟ್ಟರೆ ಫಿರಂಗಿಯಂತೆ ಹೊಡೆದುಕೊಳ್ಳುತ್ತದೆ. ನಮಾಜು ಮುಗಿಸಿ ಬಂದ ಬ್ಯಾರಿಗಳು ಅದನ್ನು ತಳ್ಳಿ ಒಳಗೆ ಒಂದು ಕಾಲಿಟ್ಟಿದ್ದರು. ಆರು ಜನ ಒಟ್ಟಿಗೆ "ಶ್!" ಎಂದೆವು. ಪಾಪ, ತಮ್ಮದೇ ಅಂಗಡಿಯಲ್ಲಿ ಕಳ್ಳನಂತೆ, ಬಾಗಿಲನ್ನು ಬೆನ್ನಿಗೆ ಆನಿಸಿಕೊಂಡು ಒಂಟಿಕಾಲಿನಲ್ಲಿ ನಿಂತುಬಿಟ್ಟರು.

ಹಾಗೆ ನಿಂತವರ ಮೂಗು ಮೊದಲು ಅರಳಿತು. "ಎಂತ ಸುಡುವುದು?"

ನಮಗೂ ಬಂತು. ಕರಕಲು ವಾಸನೆ. ಒಲೆಯ ಬಾಗಿಲಿನ ಸಂದಿನಿಂದ ತೆಳ್ಳನೆಯ ಹೊಗೆ.

"ತೆಗೀರಿ, ತೆಗೀರಿ" ಎಂದರು ಬ್ಯಾರಿಗಳು ಪಿಸುದನಿಯಲ್ಲೇ. "ನನ್ನ ಒಲೆಯನ್ನು ನಾನು ಬಲ್ಲೆ. ಹೊಗೆ ಬಂದ್ರೆ ತೆಗೀಬೇಕು."

"ತೆಗೆದ್ರೆ ಒಡೀತದಂತಲ್ಲ!" ಎಂದಳು ಲವೀನಾ. "ತೆಗೀದಿದ್ರೆ ಇದ್ದಿಲಾಗ್ತದೆ. ಎರಡರಲ್ಲಿ ಎಂತ ಮಾಡುವುದು?"

ಎಲ್ಲರೂ ನನ್ನನ್ನು ನೋಡಿದರು. ಒಲೆಯ ಬಾಗಿಲು ಮುಟ್ಟುವ ಅಧಿಕಾರ ಗುಂಗುರು ಕೂದಲಿನವನಿಗೆ ಮಾತ್ರ. ಹುಟ್ಟಿದಾಗಿನಿಂದ ನಾನು ಯಾವ ಅಧಿಕಾರವನ್ನೂ ಬಯಸಿದವನಲ್ಲ, ಆ ಕ್ಷಣದಲ್ಲಂತೂ ಸಂಜೀವಣ್ಣ ನನ್ನ ತಲೆಯನ್ನು ಪೂರ್ತಿ ಬೋಳಿಸಿಬಿಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹೊಸ್ತಿಲಿನಲ್ಲಿ ಒಕ್ಸಾನಾ ದಾರಂದವನ್ನು ಹಿಡಿದ ಬೆರಳುಗಳು ಬಿಳಿಚಿದ್ದವು. ಅವಳು ತೆರೆಯಿರಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಒಳಗೆ ಒಂದು ಹೆಜ್ಜೆ ಇಡಲೂ ಇಲ್ಲ. ನಾನು ಹಿಡಿಕೆಯ ಮೇಲೆ ಕೈಯಿಟ್ಟೆ.

"ನಿಲ್ಲು ಮಾರಾಯ" ಎಂದರು ಅಮ್ಮ.

ಕುರ್ಚಿಯಿಂದ ಏಳದೆ, ಕಣ್ಣು ಮುಚ್ಚಿ, ಗಾಳಿಯನ್ನು ಎಳೆದುಕೊಂಡರು. "ರೊಟ್ಟಿ ಕರಟುವ ವಾಸನೆ ಹೀಗಿರುದಿಲ್ಲ. ಇದು ಸಣ್ಣ ಉಂಡೆ ಕಾದ ಕಬ್ಬಿಣದ ಮೇಲೆ ಬಿದ್ದು ಸುಟ್ಟದ್ದು." ಆಮೇಲೆ ಕಣ್ಣು ತೆರೆದು ಸೊಸೆಯನ್ನು ನೋಡಿದರು. "ಸುಮನಾ, ನೀನು ಅಗ್ನಿಗೆ ಹಾಕಿದ್ಯಾ?"

ಸುಮನಾಳ ಕೈ ಬಾಯಿಗೆ ಹೋಯಿತು.

ನಮ್ಮ ಮನೆಯ ಹೆಂಗಸರು ಯಾವ ಹಿಟ್ಟನ್ನೂ ಕಾವಲಿಗೆ ಹಾಕುವ ಮೊದಲು ಒಂದು ಚೂರು ಬೆಂಕಿಗೆ ಕೊಡುತ್ತಾರೆ. ದೊಡ್ಡಮ್ಮ ಕೊಡುತ್ತಿದ್ದರು, ಅಮ್ಮ ಕೊಡುತ್ತಿದ್ದರು. ಬುಸೈತೀನಿನ ಗ್ಯಾಸ್ ಒಲೆಯಲ್ಲೂ ಸುಮನಾ ಒಂದು ಕಡಲೆಯಷ್ಟು ಹಿಟ್ಟನ್ನು ಉರಿಗೆ ತಾಗಿಸಿಯೇ ಮುಂದಿನ ಕೆಲಸ. ಕೊಡುತ್ತಿದ್ದೇನೆ ಎಂಬ ಅರಿವೂ ಅವರಿಗಿರುವುದಿಲ್ಲ, ಕೈ ತಾನಾಗಿ ಕೊಟ್ಟುಬಿಡುತ್ತದೆ.

"ಮೂಲೆಗೆ ಹಾಕಿದೆ ಅತ್ತೆ" ಎಂದಳು ಸುಮನಾ. "ಒಂದು ನಿಂಬೆಹಣ್ಣಿನಷ್ಟು. ಶುಭಕಾರ್ಯ ಅಲ್ವಾ ಅಂತ ಸ್ವಲ್ಪ ದೊಡ್ಡದೇ ಹಾಕಿದೆ."

ಲವೀನಾ ಸೆರಗಿಲ್ಲದ ತನ್ನ ಟೀಶರ್ಟಿನ ತೋಳನ್ನು ಬಾಯಿಗೆ ಒತ್ತಿಕೊಂಡು ನಗುವನ್ನು ನುಂಗಿದಳು. ಬ್ಯಾರಿಗಳು ಇನ್ನೂ ಬಾಗಿಲಿಗೆ ಬೆನ್ನು ಕೊಟ್ಟಿದ್ದವರು, "ನನ್ನ ಒಲೆಗೆ ನೈವೇದ್ಯವಾ!" ಎಂದರು. ನಾನು ಹಿಡಿಕೆ ಬಿಟ್ಟೆ.

"ಏನಾಯಿತು?" ಎಂದಳು ಒಕ್ಸಾನಾ.

"ರೊಟ್ಟಿ ಸುಡುತ್ತಿಲ್ಲ" ಎಂದೆ. "ಬೆಂಕಿಗೂ ಹಸಿವಾಗ್ತದೆ ಅಂತ ಇವಳು ಅದಕ್ಕೊಂದು ತುತ್ತು ಕೊಟ್ಟಿದ್ದಾಳೆ. ಅದು ಸುಡುತ್ತಿರುವುದು."

ಅವಳು ನಂಬಿದಳೋ ಇಲ್ಲವೋ ತಿಳಿಯದು. ಹೊಗೆ ಸ್ವಲ್ಪ ಹೊತ್ತಿಗೆ ತೆಳುವಾಯಿತು, ನಿಂತಿತು. ಅದರ ಹಿಂದಿನಿಂದ ಬೆಣ್ಣೆಯ ವಾಸನೆ ಮೆಲ್ಲಗೆ ಮುಂದೆ ಬಂತು.

ಹೊತ್ತಾಯಿತು ಎಂದು ಬ್ಯಾರಿಗಳು ತಲೆಯಾಡಿಸಿದ ಮೇಲೆ ನಾನು ಒಲೆ ತೆರೆದು ಹಲಗೆ ಚಾಚಿ ಎಳೆದೆ. ಒಕ್ಸಾನಾ ಗೋಡೆಯ ಕಡೆ ಮುಖ ಮಾಡಿಬಿಟ್ಟಳು.

"ಒಡೆದಿದೆಯಾ?"

ಯಾರೂ ಉತ್ತರಿಸಲಿಲ್ಲ, ನಾವೆಲ್ಲ ನೋಡುತ್ತಿದ್ದೆವು. ಸುತ್ತ ತಿರುಗಿಸಿ, ಬಗ್ಗಿ, ಜಡೆಯ ಸಂದುಗಳಲ್ಲಿ ಹುಡುಕುತ್ತಿದ್ದೆವು. ಆ ಮೌನ ಅವಳಿಗೆ ಏನು ಮಾಡಿರಬೇಕೆಂದು ಆಮೇಲೆ ಹೊಳೆಯಿತು.

"ಒಡೆದಿದೆಯಾ?" ಎಂದು ಅವಳು ಗೋಡೆಯನ್ನೇ ಮತ್ತೆ ಕೇಳಿದಳು.

"ಇಲ್ಲ ಮಾರಾಯ್ತಿ, ಒಂದು ಗೆರೆಯೂ ಇಲ್ಲ" ಎಂದಳು ಸುಮನಾ. ಕನ್ನಡದಲ್ಲೇ ಹೇಳಿದಳು. ಒಕ್ಸಾನಾಳಿಗೆ ಅರ್ಥವಾಯಿತು. ಅವಳು ಅಲ್ಲೇ ಮೈದಾ ಚೀಲದ ಮೇಲೆ ಕುಸಿದು ಕೂತು, ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು. ನಮಗೆಲ್ಲ ಒಮ್ಮೆಲೇ ಕಾಲು ನೋಯುತ್ತಿರುವುದು ನೆನಪಾಯಿತು. ಬ್ಯಾರಿಗಳು ಕಡೆಗೂ ಬಾಗಿಲು ಬಿಟ್ಟರು, ಅದು ಫಿರಂಗಿ ಹೊಡೆಯಿತು, ಯಾರೂ ಬೆಚ್ಚಲಿಲ್ಲ.

ಅಮ್ಮ ಕುರ್ಚಿಯಲ್ಲೇ ಕತ್ತು ಚಾಚುತ್ತಿದ್ದರು. ಜೊಹರಾ ಅದನ್ನು ನೋಡಿ, "ನೀವು ಒಳಗೆ ಬರಬಾರದು ಅಂತ ತಾನೆ ನಿಯಮ? ರೊಟ್ಟಿ ಹೊರಗೆ ಬರಬಾರದು ಅಂತ ಉಂಟಾ?" ಎಂದರು. ನಾನೂ ಅವರೂ ಹಲಗೆಯನ್ನು ಎತ್ತಿ ಹೊಸ್ತಿಲು ದಾಟಿಸಿ, ಅಮ್ಮನ ಮುಂದಿನ ಸ್ಟೂಲಿನ ಮೇಲಿಟ್ಟೆವು. ಅಮ್ಮ ಮುಟ್ಟಲಿಲ್ಲ. ಆದರೆ ಬಿಸಿಯ ಮೇಲೆ ಎರಡು ಅಂಗೈ ಹಿಡಿದು, ಚಳಿ ಕಾಯಿಸಿಕೊಳ್ಳುವವರಂತೆ ಬಹಳ ಹೊತ್ತು ಕೂತಿದ್ದರು.

ಫೋನು ಬೆಳಗಿದ್ದು ಆಗ. ಹನ್ನಾ ಅಜ್ಜಿ ಕೋಟು ಹಾಕಿಕೊಂಡು, ಕರೆಂಟಿಲ್ಲದ ಮಬ್ಬು ಅಡುಗೆಮನೆಯಲ್ಲಿ, ನೆರೆಮನೆಯವರ ಬ್ಯಾಟರಿಯಿಂದ ಫೋನು ಹಚ್ಚಿಕೊಂಡು ಕೂತಿದ್ದರು. ಒಕ್ಸಾನಾ ರೊಟ್ಟಿಯ ಸುತ್ತ ಫೋನು ತಿರುಗಿಸಿದಳು. ಅಜ್ಜಿ ಕನ್ನಡಕ ಏರಿಸಿ ಇಂಚಿಂಚಾಗಿ ನೋಡಿದರು.

"ಇವು ಹಕ್ಕಿಗಳಲ್ಲ, ಕೋಳಿಗಳು" ಎಂದರಂತೆ.

"ಕೋಳಿ ಮೊಟ್ಟೆ ಇಡ್ತದೆ, ಅದು ಇನ್ನೂ ಶುಭ!" ಎಂದಳು ಲವೀನಾ.

ಅಜ್ಜಿ ಅದಕ್ಕೆ ನಗಲಿಲ್ಲ. ಮಗಳಿಗೆ ಏನೋ ಹೇಳತೊಡಗಿದರು, ನಿಧಾನವಾಗಿ, ನಡುನಡುವೆ ನಿಲ್ಲಿಸುತ್ತಾ. ಒಕ್ಸಾನಾ ಅನುವಾದಿಸುವುದನ್ನು ಮರೆತಳು. ನಾವು ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಸರಿದೆವು. ಆ ಮಾತು ಏನೆಂದು ಅವಳೇ ಸುಮನಾಳಿಗೆ ಹೇಳಿದ್ದು ಮರುದಿನ: "ರೊಟ್ಟಿ ಚೆನ್ನಾಗಿದೆ. ಆದರೆ ಕೇಳು. ನಿನ್ನ ಗಂಡ ಕೊರೊವಾಯ್ ಇದ್ದಿದ್ದರೂ ಹೋಗುತ್ತಿದ್ದ. ಅವನ ಕಾಲೇ ಅಂಥದ್ದು, ಮೊದಲ ದಿನವೇ ನಾನು ಕಂಡಿದ್ದೆ. ನನಗೆ ಹೇಳದೆ ಮದುವೆಯಾದೆಯಲ್ಲ ಎಂಬ ಸಿಟ್ಟು ನನ್ನದು. ಅದನ್ನು ರೊಟ್ಟಿಯ ಮೇಲೆ ಹಾಕಿದೆ. ರೊಟ್ಟಿಯದೇನೂ ತಪ್ಪಿಲ್ಲ. ನಿನ್ನದೂ ಇಲ್ಲ."

ಬೇಕರಿಯಿಂದ ಬುಸೈತೀನಿಗೆ ನಾವು ನನ್ನ ಕಾರಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಅಮ್ಮನಿಗೂ ಒಕ್ಸಾನಾಳಿಗೂ ನಡುವೆ ಸೀಟ್ ಬೆಲ್ಟು ಹಾಕಿ ಕೂರಿಸಿದ ಕೊರೊವಾಯ್. ಸೇತುವೆಯ ಮೇಲೆ ನಾನು ಎಷ್ಟು ನಿಧಾನವಾಗಿ ಓಡಿಸಿದೆನೆಂದರೆ ಹಿಂದಿನ ಗಾಡಿಗಳೆಲ್ಲ ಹಾರ್ನು ಹೊಡೆದವು. ಒಕ್ಸಾನಾ ಕಿಟಕಿಯಾಚೆ ಸಮುದ್ರವನ್ನು ನೋಡುತ್ತಾ ಅಳುತ್ತಿದ್ದಳು. ಅಮ್ಮ ರೊಟ್ಟಿಯ ಮೇಲಿನಿಂದ ಕೈ ಚಾಚಿ ಅವಳ ಕೈ ಹಿಡಿದುಕೊಂಡಿದ್ದರು. ದುಃಖದ ಅಳುವಲ್ಲ ಅದು, ಬಹಳ ದಿನ ಬಿಗಿಯಾಗಿದ್ದ ಸೊಂಟ ಒಮ್ಮೆಲೇ ಸಡಿಲವಾದಾಗ ಕಣ್ಣಲ್ಲಿ ನೀರು ಬರುತ್ತದಲ್ಲ, ಅಂಥದ್ದು. ಅವಳ ಟೇಬಲ್ಲಿನ ಮೇಲೆ ಮಲಗಿ ಎದ್ದ ನನಗೆ ಅದು ಚೆನ್ನಾಗಿ ಗೊತ್ತು.

ಮದುವೆ ಆಯಿತು. ಎಲ್ಲರಿಗೂ ತುಂಡು ಸಿಕ್ಕಿತು. ಬೇಸಿಗೆ ಬರುವ ಮೊದಲು ಒಕ್ಸಾನಾ ರಜೆ ಹಾಕಿ ತಾಯಿಯನ್ನು ನೋಡಲು ಹೊರಟಳು. ಪೋಲೆಂಡಿಗೆ ವಿಮಾನ, ಅಲ್ಲಿಂದ ಬಸ್ಸು, ಗಡಿಯಲ್ಲಿ ಬಹಳ ಹೊತ್ತು ಕಾಯುವಿಕೆ. ಈ ಹಿಂದೆಲ್ಲ ಅವಳು ಊರಿಗೆ ಹೋದಾಗ ಪೇಟೆಯ ಬಸ್ ನಿಲ್ದಾಣದಿಂದ ಮನೆಯವರೆಗೆ ಒಬ್ಬಳೇ ಪೆಟ್ಟಿಗೆ ಎಳೆದುಕೊಂಡು ನಡೆಯುತ್ತಿದ್ದಳಂತೆ. ಹನ್ನಾ ಅಜ್ಜಿ ಮನೆಯ ಬಾಗಿಲಿಗಿಂತ ಆಚೆ ಬಂದವರಲ್ಲ. ಈ ಸಲ ಬಸ್ಸು ತಡವಾಗಿ, ಬೆಳಕು ಚೆನ್ನಾಗಿ ಹರಿದ ಮೇಲೆ ತಲುಪಿತು. ಅಜ್ಜಿ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದರು. ಪೆಟ್ಟಿಗೆಯ ಹಿಡಿಕೆಯನ್ನು ತಾಯಿ ಒಂದು ಕಡೆ, ಮಗಳು ಒಂದು ಕಡೆ ಹಿಡಿದುಕೊಂಡು ಮನೆಗೆ ನಡೆದರಂತೆ.